ಸೇವೆಯ ತ್ಯಾಗವೂ ಕೌಟಿಲ್ಯನ ಮತವೂ

ಕೌಟಿಲ್ಯನ ಅರ್ಥಶಾಸ್ತ್ರದ ಐದನೆಯ ಅಧಿಕರಣಕ್ಕೆ ಯೋಗವೃತ್ತವೆಂದು ಹೆಸರು. ಅದರಲ್ಲಿ ಅನುಜೀವಿವೃತ್ತ, ಸಮಯಾಚಾರಿಕ ಎಂಬ ಎರಡು ಚಿಕ್ಕ ಅಧ್ಯಾಯಗಳು ಒಂದರ ಬೆನ್ನಿಗೊಂದು ಬಂದಿವೆ. ಪರರ ಆಶ್ರಯದಲ್ಲಿ ಜೀವಿಸುವವನು ಒಡೆಯನ ಬಳಿಯಲ್ಲಿ ಹೇಗೆ ಸೇರಬೇಕು, ಸೇರಿದ ಮೇಲೆ ಹೇಗೆ ನಡೆದುಕೊಳ್ಳಬೇಕು, ಒಡೆಯನ ಮನಸ್ಸು ಮುರಿದುದನ್ನು ಯಾವ ಗುರುತುಗಳಿಂದ ಅರಿಯಬೇಕು, ಅರಿತ ಮೇಲೆ ಏನು ಮಾಡಬೇಕು ಎಂಬುದು ಅವುಗಳ ವಿಷಯ. ಇಡೀ ಗ್ರಂಥದಲ್ಲಿ ರಾಜನಿಗೆ ಉಪದೇಶಮಾಡುತ್ತ ಬಂದ ಆಚಾರ್ಯನು ಇಲ್ಲಿ ಮಾತ್ರ ಸೇವಕನ ಪಕ್ಕದಲ್ಲಿ ಕುಳಿತು ಮಾತನಾಡುತ್ತಾನೆ. ಅದರಿಂದಲೇ ಈ ಎರಡು ಅಧ್ಯಾಯಗಳಿಗೆ ಬೇರೊಂದು ಸ್ವಾರಸ್ಯವಿದೆ.

ಈ ಗ್ರಂಥಕ್ಕೂ ಮೈಸೂರಿಗೂ ಇರುವ ನಂಟನ್ನು ವಾಚಕರು ಬಲ್ಲರು. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ತಂದೊಪ್ಪಿಸಿದ ಓಲೆಗರಿಯ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ರುದ್ರಪಟ್ಟಣದ ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಮೂಲವನ್ನೂ 1915ರಲ್ಲಿ ಅದರ ಇಂಗ್ಲಿಷ್ ಅನುವಾದವನ್ನೂ ಹೊರತಂದರು. ನಮ್ಮ ಪಾಠಶಾಲೆಯ ದಿನಗಳಲ್ಲಿ ಇದು ಪಠ್ಯವಾಗಿರಲಿಲ್ಲ. ಕಾವ್ಯ, ತರ್ಕ, ಮೀಮಾಂಸೆಗಳ ನಡುವೆ ಗುರುಗಳು ಎಂದಾದರೊಮ್ಮೆ ನಾಲ್ಕು ವಾಕ್ಯಗಳನ್ನು ಬಾಯಲ್ಲಿ ಹೇಳುತ್ತಿದ್ದರು. ಹೀಗೆ ಕಿವಿಯ ಮೇಲೆ ಬಿದ್ದುದನ್ನೇ ಓದಿದುದೆಂದು ಭ್ರಮಿಸಿ ನಲವತ್ತು ವರ್ಷ ಕಳೆದವರಲ್ಲಿ ನಾನೂ ಒಬ್ಬನು. ಆ ಭ್ರಮೆಯಿಂದ ಒಬ್ಬ ಬಡವನ ಅನ್ನಕ್ಕೆ ಕಲ್ಲು ಬೀಳುವುದರಲ್ಲಿತ್ತಾದುದರಿಂದ ಈ ಲೇಖನವನ್ನು ಬರೆಯಬೇಕಾಯಿತು.

ಕಳೆದ ಮಾಘಮಾಸದ ಒಂದು ರಾತ್ರಿ ನನ್ನ ಹಳೆಯ ಶಿಷ್ಯನೊಬ್ಬನು ನಂಜನಗೂಡಿನ ನಮ್ಮ ಮನೆಗೆ ಬಂದನು. ಅವನ ಊರು ತಿರುಮಕೂಡಲು ನರಸೀಪುರ. ನಂಜನಗೂಡಿನ ಒಂದು ಜವಳಿ ಅಂಗಡಿಯಲ್ಲಿ ಏಳು ವರ್ಷದಿಂದ ಕೆಲಸಕ್ಕಿದ್ದು, ದಿನವೂ ಬಸ್ಸಿನಲ್ಲಿ ಬಂದುಹೋಗುವನು. ಮನೆಯಲ್ಲಿ ವೃದ್ಧೆಯಾದ ತಾಯಿ, ಹೆಂಡತಿ, ಶಾಲೆಗೆ ಹೋಗುವ ಒಬ್ಬಳು ಮಗಳು. ಅವನು ಹೇಳಿದುದಿಷ್ಟು. ಆರು ವರ್ಷ ರೇಷ್ಮೆ ಸೀರೆಯ ವಿಭಾಗದಲ್ಲಿದ್ದವನನ್ನು ಯುಗಾದಿಯ ಸರಕು ಬಂದಾಗ ಟವೆಲು, ಪಂಚೆಗಳ ಮೂಲೆಗೆ ಕಳಿಸಿದರು. ಅವನ ಜಾಗಕ್ಕೆ ಹೊಸಬನೊಬ್ಬನು ಬಂದನು. ಧಣಿಗಳು ಮೊದಲು ಹೆಸರು ಹಿಡಿದು ಕರೆಯುತ್ತಿದ್ದವರು ಈಗ ಮುಖ ನೋಡದೆ ಮಾತನಾಡುತ್ತಾರೆ. ಜೊತೆಯ ಕೆಲಸಗಾರರು ಇವನು ಹತ್ತಿರ ಬಂದರೆ ಮಾತು ನಿಲ್ಲಿಸುತ್ತಾರೆ. ದೊಡ್ಡ ಜಾತ್ರೆ ಮುಗಿದೊಡನೆ ಇವನನ್ನು ತೆಗೆಯುತ್ತಾರೆಂದು ಒಬ್ಬನು ಗುಟ್ಟಾಗಿ ತಿಳಿಸಿದ್ದಾನೆ. “ಮೇಷ್ಟ್ರೇ, ತೆಗೆದುಹಾಕಿದರು ಅನ್ನಿಸಿಕೊಂಡರೆ ಈ ಊರಲ್ಲಿ ಇನ್ನೊಂದು ಅಂಗಡಿಯ ಮೆಟ್ಟಿಲು ಹತ್ತೋದು ಕಷ್ಟ. ನಾನೇ ಬಿಟ್ಟೆ ಅಂದರೆ ಮರ್ಯಾದೆಯಾದರೂ ಉಳಿಯುತ್ತೆ. ಏನು ಮಾಡಲಿ, ನೀವು ಹೇಳಿ” ಎಂದನು.

ನಾನು ಕೂಡಲೆ ಕೌಟಿಲ್ಯನನ್ನು ಎಳೆದು ತಂದೆನು. ಒಡೆಯನ ಅಸಮಾಧಾನವನ್ನು ಸಣ್ಣ ಗುರುತಿನಿಂದಲೇ ಅರಿತು ಹೊರಟುಹೋದ ಏಳು ಮಂದಿ ಪ್ರಾಚೀನ ಮಂತ್ರಿಗಳ ಹೆಸರನ್ನು ಒಪ್ಪಿಸಿದೆನು. ನೀರನ್ನು ಎತ್ತರದಿಂದ ಚೆಲ್ಲಿದುದನ್ನು ಕಂಡು ಕಾತ್ಯಾಯನನು ಹೋದನು. ಕ್ರೌಂಚಪಕ್ಷಿಯು ತಪ್ಪು ಬದಿಗೆ ಹಾರಿತೆಂದು ಕಣಿಂಕ ಭಾರದ್ವಾಜನು. ಹುಲ್ಲನ್ನು ಕಂಡು ದೀರ್ಘ ಚಾರಾಯಣನು. ವಸ್ತ್ರವು ತಣ್ಣಗಿದೆಯೆಂದು ಘೋಟಮುಖನು. ಆನೆಯು ನೀರೆರಚಿತೆಂದು ಕಿಂಜಲ್ಕನು. ರಥದ ಕುದುರೆಯನ್ನು ಹೊಗಳಿದುದಕ್ಕೆ ಪಿಶುನನು. ನಾಯಿ ಬೊಗಳಿದುದಕ್ಕೆ ಅವನ ಮಗನು. “ಇವರಾರೂ ಕತ್ತು ಹಿಡಿದು ನೂಕುವವರೆಗೆ ಕಾಯಲಿಲ್ಲವಪ್ಪ” ಎಂದೆನು. ಅವನ ಮುಖದಲ್ಲಿ ಒಂದು ಬಗೆಯ ನಿಶ್ಚಯ ಮೂಡಿತು. ನಾಳೆಯೇ ಕಾಗದ ಬರೆದು ಕೊಡುವೆನೆಂದು ಹೇಳಿ ಕೊನೆಯ ಬಸ್ಸಿಗೆ ಹೊರಟುಹೋದನು.

ಅವನು ಹೋದ ಮೇಲೆ ಹೆಸರುಗಳ ಕ್ರಮ ಸರಿಯೇ ಎಂದು ನೋಡಲು ಪುಸ್ತಕವನ್ನು ತೆಗೆದೆನು. ಕ್ರಮವೇನೋ ಸರಿಯಾಗಿತ್ತು. ಆದರೆ ಆ ಪಟ್ಟಿಯ ಕೆಳಗೆ ಇನ್ನೂ ನಾಲ್ಕು ವಾಕ್ಯಗಳಿದ್ದವು. ಅವುಗಳನ್ನು ನಮ್ಮ ಗುರುಗಳು ಹೇಳಿರಲಿಲ್ಲವೋ, ಹೇಳಿದಾಗ ನಾನು ತೂಕಡಿಸುತ್ತಿದ್ದೆನೋ ತಿಳಿಯದು.

ಇನ್ನು ಪ್ರಕರಣವನ್ನು ವಿಚಾರಿಸೋಣ. ಸಮಯಾಚಾರಿಕದಲ್ಲಿ ಮೊದಲು ಪ್ರಸನ್ನನಾದ ಒಡೆಯನ ಲಕ್ಷಣಗಳು ಬರುತ್ತವೆ. ಕಂಡರೆ ಮುಖವರಳಿಸುವುದು, ಮಾತನ್ನು ಸ್ವೀಕರಿಸುವುದು, ಆಸನ ಕೊಡುವುದು, ಹಿತವಾದುದನ್ನು ಹೇಳಿದರೆ ಸಹಿಸುವುದು, ನಗುತ್ತ ಕೆಲಸ ಹೇಳುವುದು, ತಿಂಡಿ ತಿನ್ನುವಾಗ ನೆನೆಯುವುದು, ಬೆನ್ನ ಹಿಂದೆ ಗುಣವನ್ನು ಹೇಳುವುದು. ಇವುಗಳಿಗೆ ವಿರುದ್ಧವಾದುವು ಅಪ್ರಸನ್ನನ ಲಕ್ಷಣಗಳು. ಅವುಗಳ ಜೊತೆಗೆ ಬೇರೆ ಕೆಲವನ್ನೂ ಸೇರಿಸಿದ್ದಾನೆ: ಆಸನವನ್ನೂ ದೃಷ್ಟಿಯನ್ನೂ ಕೊಡದಿರುವುದು, ಇದ್ದಕ್ಕಿದ್ದಂತೆ ಎದ್ದುಹೋಗುವುದು, ಇನ್ನೊಬ್ಬನನ್ನು ಮೇಲಕ್ಕೆತ್ತುವುದು, ಮಾಡಿದ ಒಳ್ಳೆಯ ಕೆಲಸವನ್ನು ಕಾಣದಿರುವುದು, ಕೆಟ್ಟುದನ್ನು ಮತ್ತೆ ಮತ್ತೆ ಎತ್ತಿ ಆಡುವುದು. ಕಡೆಯದಾಗಿ, ಒಡೆಯನ ಬಳಿ ಓಡಾಡುವ ಇತರರ ನಡತೆಯೂ ನಮ್ಮ ವಿಷಯದಲ್ಲಿ ಬೇರೆಯಾಗುವುದು. ಇಷ್ಟು ಶತಮಾನಗಳ ಹಿಂದೆ ಬರೆದ ಈ ಪಟ್ಟಿಯನ್ನು ನನ್ನ ಶಿಷ್ಯನ ಅಂಗಡಿಯ ಮುಂದೆ ಹಿಡಿದರೆ ಒಂದೆರಡನ್ನು ಬಿಟ್ಟು ಎಲ್ಲವೂ ಹೊಂದುತ್ತವೆ. ಮನುಷ್ಯನ ಮುಖಚರ್ಯೆಯನ್ನು ಇಷ್ಟು ಸೂಕ್ಷ್ಮವಾಗಿ ನೋಡಿದ ಶಾಸ್ತ್ರಕಾರನು ಬೇರೊಬ್ಬನಿಲ್ಲವೆಂದೇ ನನ್ನ ಅಭಿಪ್ರಾಯ. ಭರತನು ನೋಡಿದನು ನಿಜ, ಆದರೆ ಅವನು ನೋಡಿದುದು ರಂಗಸ್ಥಳದ ಮೇಲಿನ ಮುಖವನ್ನು.

ಆ ಬಳಿಕ, ಮನುಷ್ಯರಲ್ಲದ ಪ್ರಾಣಿವಸ್ತುಗಳ ವಿಕಾರವನ್ನೂ ಗಮನಿಸಬೇಕೆಂದು ಹೇಳಿ ಏಳು ಮಂದಿಯ ಪಟ್ಟಿಯನ್ನು ಕೊಡುತ್ತಾನೆ. ಇಲ್ಲಿ ಕಥೆಯೆಂಬುದಿಲ್ಲ. ಒಬ್ಬೊಬ್ಬನಿಗೆ ಒಂದು ಗುರುತು, ಒಂದು ಹೆಸರು. ಏಳು ಮಂದಿಗೂ ಸೇರಿ ಹೊರಟುಹೋದನೆಂಬ ಒಂದೇ ಭೂತಕಾಲದ ಕ್ರಿಯಾಪದ. ಅವರು ಹೋದುದು ಒಳ್ಳೆಯದಾಯಿತೆಂದಾಗಲಿ, ಹೋಗದಿದ್ದರೆ ಕೆಡುತ್ತಿದ್ದರೆಂದಾಗಲಿ, ಅವರಂತೆ ನೀನೂ ಹೋಗೆಂದಾಗಲಿ ಒಂದಕ್ಷರವೂ ಇಲ್ಲ. ಮೀಮಾಂಸೆಯ ಪರಿಭಾಷೆಯಲ್ಲಿ ಹೇಳುವುದಾದರೆ ಇದು ಅರ್ಥವಾದ, ವಿಧಿಯಲ್ಲ. ಅರ್ಥವಾದಕ್ಕೆ ಸ್ವತಂತ್ರವಾದ ಅಧಿಕಾರವಿಲ್ಲ, ಅದು ಪಕ್ಕದ ವಿಧಿಯನ್ನು ಆಶ್ರಯಿಸಿಯೇ ಅರ್ಥಪಡೆಯಬೇಕು. ಪಾಠಶಾಲೆಯ ಮೊದಲ ವರ್ಷದಲ್ಲಿಯೇ ಕಲಿತ ಈ ನ್ಯಾಯವನ್ನು ಅಂದಿನ ರಾತ್ರಿ ನಾನು ಮರೆತೆನು. ಇನ್ನೊಂದು ಮಾತು. ಈ ಪಟ್ಟಿಯಲ್ಲಿ ಬರುವ ಪಿಶುನ, ಭಾರದ್ವಾಜ ಎಂಬ ಹೆಸರಿನ ಆಚಾರ್ಯರ ಮತಗಳನ್ನೇ ಕೌಟಿಲ್ಯನು ವ್ಯಸನಗಳನ್ನು ಕುರಿತ ಎಂಟನೆಯ ಅಧಿಕರಣದಲ್ಲಿ ಅನುವಾದಮಾಡಿ, ‘ಅಲ್ಲ’ ಎಂಬ ಒಂದೇ ಪದದಿಂದ ತಳ್ಳಿಹಾಕುತ್ತಾನೆ. ಆದುದರಿಂದ ಅವನು ಅವರ ಹೆಸರನ್ನು ಹೇಳಿದ ಮಾತ್ರಕ್ಕೆ ಅವರ ನಡತೆಯನ್ನು ಒಪ್ಪಿದನೆಂದು ತಿಳಿಯಲಾಗದು.

ಹಾಗಾದರೆ ವಿಧಿ ಯಾವುದು? ಪಟ್ಟಿಯ ಕೆಳಗಿನ ವಾಕ್ಯಗಳಲ್ಲಿದೆ. ಧನಕ್ಕೂ ಮಾನಕ್ಕೂ ಕುಂದು ಬಂದಾಗ ಬಿಡುವುದು, ಇದು ಒಂದು. ಇಲ್ಲವೆ, ಒಡೆಯನ ಸ್ವಭಾವವನ್ನೂ ತನ್ನಲ್ಲಿರುವ ತಪ್ಪನ್ನೂ ಅರಿತುಕೊಂಡು ಅದಕ್ಕೆ ಪರಿಹಾರ ಮಾಡಿಕೊಳ್ಳುವುದು, ಇದು ಎರಡನೆಯದು. ಇಲ್ಲವೆ, ಒಡೆಯನಿಗೆ ಹತ್ತಿರದವನಾದ ಮಿತ್ರನೊಬ್ಬನಲ್ಲಿಗೆ ಹೋಗಿರುವುದು. ಅಲ್ಲಿದ್ದುಕೊಂಡೇ ಮಿತ್ರರ ಮೂಲಕ ಒಡೆಯನ ಮನಸ್ಸಿನಲ್ಲಿರುವ ದೋಷಭಾವನೆಯನ್ನು ತೊಡೆಯಿಸಿ, ಒಡೆಯನು ಬದುಕಿರುವಾಗಲೋ ಸತ್ತ ಮೇಲೋ ಹಿಂದಿರುಗಿ ಬರುವುದು. ಅಧ್ಯಾಯದ ಕಡೆಯ ಶ್ಲೋಕವು ಹೇಳುವುದು ಹೊರಡುವುದನ್ನಲ್ಲ, ಮರಳುವುದನ್ನು. ಮಹಾಭಾರತವನ್ನು ಬಲ್ಲವರಿಗೆ ವಿದುರನು ಇಲ್ಲಿ ನೆನಪಿಗೆ ಬರಬೇಕು. ಇದ್ದರೆ ಇರು, ಹೋದರೆ ಹೋಗೆಂದು ಧೃತರಾಷ್ಟ್ರನು ಸಿಡುಕಿದಾಗ ಅವನು ಕಾಮ್ಯಕವನಕ್ಕೆ ಪಾಂಡವರ ಬಳಿ ಹೋದನು. ಮುದುಕನು ಪರಿತಪಿಸಿ ಸಂಜಯನನ್ನು ಕಳಿಸಿದಾಗ ಮುನಿಸನ್ನು ತೋರದೆ ಮರಳಿ ಬಂದನು. ವಿಭೀಷಣನದು ಬೇರೆಯ ದಾರಿ, ಅವನಿಗೆ ಮರಳುವ ಲಂಕೆಯೇ ಉಳಿಯುವಂತಿರಲಿಲ್ಲ.

ಮೊದಲ ವಿಧಿಗೆ ನಮ್ಮ ಕಾಲದ ನಿದರ್ಶನವೂ ಇಲ್ಲದಿಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸಂಸ್ಥಾನದ ಸಿವಿಲ್ ಸೇವೆಯಲ್ಲಿ ಉನ್ನತ ಪದವಿಗಳಲ್ಲಿದ್ದು, ತಮಗೆ ಸಲ್ಲಬೇಕಾದ ಸ್ಥಾನವು ತಮಗಿಂತ ಕಿರಿಯರಿಗೆ ಹೋದಾಗ 1940ರ ದಶಕದಲ್ಲಿ ರಾಜೀನಾಮೆಯನ್ನಿತ್ತರು. ಅದು ಗುಟ್ಟಾಗಿ ಕೇಳಿದ ಮಾತಿನಿಂದಲ್ಲ, ಕಣ್ಣೆದುರಿಗೆ ನಡೆದ ಮಾನಹಾನಿಯಿಂದ. ಆಮೇಲೆ ‘ಜೀವನ’ ಪತ್ರಿಕೆಯನ್ನು ನಡೆಸಿದರು. ಕನ್ನಡಕ್ಕೆ ಲಾಭವೇ ಆಯಿತು. ಆದರೆ ಈ ನಿದರ್ಶನವನ್ನು ನನ್ನ ಶಿಷ್ಯನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ, ಏಕೆಂಬುದು ಮುಂದೆ ತಿಳಿಯುವುದು.

ಈ ಅಧ್ಯಾಯದಲ್ಲಿ ನನಗೆ ಕೊರತೆಯೆಂದು ತೋರುವುದು ಒಂದುಂಟು. ಗುರುತುಗಳನ್ನು ಸೇವಕನು ತನ್ನ ಕಣ್ಣಿನಿಂದಲೇ ನೋಡುವನೆಂದು ಕೌಟಿಲ್ಯನು ಇಟ್ಟುಕೊಂಡಿದ್ದಾನೆ. ಗುರುತನ್ನು ಮತ್ತೊಬ್ಬನು ತೋರಿಸಿಕೊಟ್ಟರೆ? ಈ ಪ್ರಶ್ನೆಯನ್ನು ಎತ್ತಿದವನು ಪಂಚತಂತ್ರಕಾರನು. ಚಾಲುಕ್ಯ ಜಯಸಿಂಹ ಜಗದೇಕಮಲ್ಲನಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿ, ವಸುಭಾಗಭಟ್ಟನ ಪಾಠವನ್ನು ಅನುಸರಿಸಿ, ಇದನ್ನು ಚಂಪುವಾಗಿ ಕನ್ನಡಕ್ಕೆ ತಂದನು. ರಾಜಸೇವೆಯ ಬಿಸಿಯನ್ನು ಬಲ್ಲವನು ಈ ಕಥೆಯನ್ನೇ ಆರಿಸಿಕೊಂಡುದು ಸಹಜವೇ ಸರಿ. ಸಂಸ್ಕೃತ ಕಥೆಯಲ್ಲಿ ವರ್ಧಮಾನನೆಂಬ ವರ್ತಕನ ಗಾಡಿಯೆಳೆಯುತ್ತಿದ್ದ ಸಂಜೀವಕನೆಂಬ ಎತ್ತು ಕಾಲು ಮುರಿದು ಬಿದ್ದಾಗ, ವರ್ತಕನು ಅದನ್ನು ಕಾಡಿನಲ್ಲಿ ಬಿಟ್ಟು ಮುಂದೆ ಹೋಗುತ್ತಾನೆ. ವ್ಯಾಪಾರಿಯಿಂದ ಕೆಲಸ ಕಳೆದುಕೊಂಡವನೇ ಈ ಕಥೆಯ ನಾಯಕನೆಂಬುದನ್ನು ನಾನು ಇದುವರೆಗೆ ಗಮನಿಸಿರಲಿಲ್ಲ! ಆ ಎತ್ತು ಬದುಕಿ, ಪಿಂಗಳಕನೆಂಬ ಸಿಂಹದ ಸ್ನೇಹವನ್ನು ಗಳಿಸಿ, ಎರಡನೆಯ ಆಶ್ರಯವನ್ನು ಪಡೆಯುತ್ತದೆ. ಆಗ ದಮನಕನೆಂಬ ನರಿಯು ಸಿಂಹದ ಬಳಿ ಹೋಗಿ ಎತ್ತು ದ್ರೋಹಬಗೆದಿದೆಯೆಂದೂ, ಎತ್ತಿನ ಬಳಿ ಬಂದು ಸಿಂಹವು ನಿನ್ನನ್ನು ಕೊಲ್ಲಲಿದೆಯೆಂದೂ ಹೇಳುತ್ತದೆ. ಅಷ್ಟೇ ಅಲ್ಲದೆ, ಇಂಥ ಚೇಷ್ಟೆಗಳನ್ನು ಕಂಡರೆ ನನ್ನ ಮಾತು ನಿಜವೆಂದು ತಿಳಿಯೆಂದು ಇಬ್ಬರಿಗೂ ಗುರುತು ಹೇಳಿಕೊಡುತ್ತದೆ. ಮರುದಿನ ಇಬ್ಬರೂ ಭಯದಿಂದ ಬಿಗಿದುಕೊಂಡು ಎದುರಾಗುತ್ತಾರೆ. ಒಬ್ಬನ ಭಯವೇ ಇನ್ನೊಬ್ಬನಿಗೆ ಗುರುತಾಗುತ್ತದೆ. ಕೌಟಿಲ್ಯನ ಪಟ್ಟಿಯಲ್ಲಿರುವ ಲಕ್ಷಣಗಳೇ ಇಲ್ಲಿಯೂ ಕಾಣುತ್ತವೆ, ಆದರೆ ಒಂದೂ ನಿಜವಲ್ಲ. ಎತ್ತು ಸಾಯುತ್ತದೆ, ನರಿಗೆ ಮಂತ್ರಿಪದವಿ ದೊರೆಯುತ್ತದೆ.

ಅರ್ಥಶಾಸ್ತ್ರವನ್ನು ಮಾತ್ರ ಓದಿದವನು ಗುರುತನ್ನು ನಂಬುವನು, ಪಂಚತಂತ್ರವನ್ನು ಮಾತ್ರ ಓದಿದವನು ಯಾವ ಗುರುತನ್ನೂ ನಂಬಲಾರನು. ಇವೆರಡನ್ನೂ ಜೊತೆಯಲ್ಲಿಟ್ಟು ಪಾಠಹೇಳಿದ ಉಪಾಧ್ಯಾಯರನ್ನು ನಾನು ಕಾಣೆ. ನಾನಂತೂ ಹೇಳಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸನ್ನು ಹತ್ತಿ ನರಸೀಪುರಕ್ಕೆ ಹೋದೆನು. ಅವನು ಮನೆಯಲ್ಲಿಯೇ ಇದ್ದನು. ಕಾಗದ ಬರೆದು ಜೇಬಿನಲ್ಲಿಟ್ಟುಕೊಂಡಿದ್ದನು. ತಾಯಿಯ ಎದುರಿಗೆ ಮಾತು ಬೇಡವೆಂದು ಇಬ್ಬರೂ ಹೊಳೆಯ ಕಡೆ ನಡೆದೆವು. ಕಾವೇರಿ ಕಪಿಲೆಗಳು ಸೇರುವ ಆ ಸ್ಥಳ ಕಾಶಿಗಿಂತ ಒಂದು ಗುಲಗಂಜಿಯ ತೂಕದಷ್ಟು ಹೆಚ್ಚಿನದೆಂದು ಪ್ರತೀತಿ, ಅಲ್ಲಿಯ ದೇವರಿಗೂ ಗುಂಜಾನರಸಿಂಹನೆಂದೇ ಹೆಸರು. ಸೋಪಾನದ ಮೇಲೆ ಕುಳಿತು ನಾನು ಪುಸ್ತಕವನ್ನು ಬಿಚ್ಚಿ, ಹಿಂದಿನ ರಾತ್ರಿ ಹೇಳಿದುದು ಅರ್ಧವೆಂದೂ ತಪ್ಪೆಂದೂ ಒಪ್ಪಿಕೊಂಡು, ಉಳಿದ ವಾಕ್ಯಗಳನ್ನು ಓದಿ ಅರ್ಥ ಹೇಳಿದೆನು. ಅವನು ಸುಮ್ಮನೆ ಕೇಳಿದನು. ಕಡೆಗೆ, “ಮೇಷ್ಟ್ರೇ, ಆ ಕಾತ್ಯಾಯನರಿಗೆ ಸಂಬಳ ಎಷ್ಟಿತ್ತು?” ಎಂದು ಕೇಳಿದನು.

ನನ್ನ ಅರವತ್ತು ವರ್ಷಗಳ ವಿದ್ಯೆಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಉತ್ತರವು ಕೈಯಲ್ಲಿದ್ದ ಪುಸ್ತಕದಲ್ಲಿಯೇ, ಅದೇ ಅಧಿಕರಣದಲ್ಲಿ ಎರಡು ಎಲೆ ಹಿಂದೆ ಇತ್ತು. ಭೃತ್ಯಭರಣೀಯವೆಂಬ ಅಧ್ಯಾಯದಲ್ಲಿ ಮಂತ್ರಿ, ಪುರೋಹಿತ, ಸೇನಾಪತಿ ಮೊದಲಾದವರಿಗೆ 48,000 ಪಣಗಳು. ಮನುಷ್ಯರಿಗೂ ಪಶುಗಳಿಗೂ ಪರಿಚರ್ಯೆ ಮಾಡುವ ಆಳುಗಳಿಗೆ 60 ಪಣಗಳು. ಎಂಟುನೂರು ಪಟ್ಟು ಅಂತರ! 48,000 ಪಣದವನು ತಣ್ಣಗಿನ ಬಟ್ಟೆಯನ್ನು ಕಂಡು ಎದ್ದುಹೋದರೆ ಅವನ ಮನೆಯ ಒಲೆ ಆರುವುದಿಲ್ಲ. ಮೇಲಾಗಿ ಅವನಿಗೆ ಪ್ರಾಣಭಯವಿತ್ತು. ರಾಜಸೇವೆಯು ಬೆಂಕಿಯೊಡನೆ ಇರುವಂಥದು, ಬೆಂಕಿ ಸುಟ್ಟರೆ ಒಬ್ಬನನ್ನು ಸುಡುವುದು, ರಾಜನು ಹೆಂಡತಿಮಕ್ಕಳೊಡನೆ ಕೊಲ್ಲಬಲ್ಲನೆಂದು ಕೌಟಿಲ್ಯನೇ ಹೇಳಿದ್ದಾನೆ. ಜವಳಿ ಅಂಗಡಿಯ ಧಣಿಗಳು ಮುನಿದರೆ ಪ್ರಾಣ ಹೋಗುವುದಿಲ್ಲ, ತಿಂಗಳ ಮೊದಲ ತಾರೀಖು ಹೋಗುತ್ತದೆ. ಆದ್ದರಿಂದ ಈ ಪ್ರಶ್ನೆಗೆ ಐದನೆಯ ಅಧಿಕರಣವನ್ನು ತೆರೆದುದೇ ನನ್ನ ಮೂಲ ತಪ್ಪು. ಮಾಸ್ತಿಯವರ ನಿದರ್ಶನವನ್ನು ನಾನು ಹೇಳದಿದ್ದುದೂ ಇದಕ್ಕಾಗಿಯೇ.

ಕೂಲಿಯವನಿಗೆ ಸಂಬಂಧಿಸಿದ ಮಾತು ಮೂರನೆಯ ಅಧಿಕರಣದಲ್ಲಿದೆ. ಅಲ್ಲಿ ಮುಖಚರ್ಯೆಯ ಪ್ರಸ್ತಾಪವೇ ಇಲ್ಲ, ಎಲ್ಲವೂ ಲೆಕ್ಕ. ಸಂಬಳವನ್ನು ಮೊದಲು ಗೊತ್ತುಮಾಡದಿದ್ದರೆ ಬೇಸಾಯಗಾರನ ಆಳಿಗೆ ಬೆಳೆಯಲ್ಲಿ, ಗೋವಳನಿಗೆ ತುಪ್ಪದಲ್ಲಿ, ವರ್ತಕನ ಕೈಕೆಳಗಿನವನಿಗೆ ತಾನೇ ಮಾರಿದ ಸರಕಿನಲ್ಲಿ ಹತ್ತನೆಯ ಒಂದು ಪಾಲು. ಸಂಬಳ ಕೊಡದ ಒಡೆಯನಿಗೆ ದಂಡ. ಸಂಬಳ ಪಡೆದು ಕೆಲಸ ಮಾಡದ ಆಳಿಗೆ 12 ಪಣ ದಂಡ. ಆದರೆ ಅಶಕ್ತನಾದರೆ, ಕೆಲಸವು ಹೀನವಾದುದಾದರೆ, ರೋಗವೋ ಆಪತ್ತೋ ಬಂದರೆ, ಆಳು ಒಪ್ಪಂದವನ್ನು ಬಿಡಬಹುದು, ಇಲ್ಲವೆ ಬೇರೊಬ್ಬನಿಂದ ಮಾಡಿಸಬಹುದು. ಕೌಟಿಲ್ಯನ ಕಾಠಿಣ್ಯವನ್ನು ಹಳಿಯುವವರು ಈ ಭಾಗವನ್ನು ಓದಿರುವುದು ಅಪರೂಪ. ಅಂಗಡಿಯಲ್ಲಿ ನಿಂತು ಮಾರುವವನ ಹೆಸರನ್ನೆತ್ತಿ, ಅವನು ಮಾರಿದುದರಲ್ಲಿ ಅವನಿಗೆ ಪಾಲುಂಟೆಂದು ಬರೆದ ಶಾಸ್ತ್ರವಿದು.

ಇದನ್ನು ಓದುತ್ತಿದ್ದಂತೆ, ಹಾಗಾದರೆ ಈಗಿನ ಶಾಸನ ಏನು ಹೇಳುತ್ತದೆಂದು ಅವನು ಕೇಳಿದನು. ವಕೀಲರಾದ ಹಳೆಯ ವಿದ್ಯಾರ್ಥಿಯೊಬ್ಬರನ್ನು ಅಲ್ಲಿಂದಲೇ ಫೋನಿನಲ್ಲಿ ವಿಚಾರಿಸಿದೆನು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮದ 39ನೆಯ ಪ್ರಕರಣದಂತೆ, ಎಡೆಬಿಡದೆ ಆರು ತಿಂಗಳು ದುಡಿದವನನ್ನು ಯುಕ್ತವಾದ ಕಾರಣವಿಲ್ಲದೆ ತೆಗೆಯಕೂಡದು. ತೆಗೆಯುವುದಾದರೆ ಒಂದು ತಿಂಗಳ ಮುಂಚೆ ತಿಳಿಸಬೇಕು, ಇಲ್ಲವೆ ಆ ತಿಂಗಳ ಸಂಬಳ ಕೊಡಬೇಕು. ವಿಚಾರಣೆಯಲ್ಲಿ ದುರ್ನಡತೆ ಸಿದ್ಧಪಟ್ಟರೆ ಮಾತ್ರ ಈ ಮುನ್ಸೂಚನೆ ಬೇಕಿಲ್ಲ. ಹತ್ತು ಮಂದಿಗೆ ಕಡಿಮೆಯಿಲ್ಲದ ಅಂಗಡಿಯಲ್ಲಿ ಐದು ವರ್ಷ ತುಂಬಿದವನಿಗೆ ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ಗ್ರಾಚ್ಯುಯಿಟಿ ಸಲ್ಲುತ್ತದೆ, ತಾನೇ ಬಿಟ್ಟರೂ ಅದು ತಪ್ಪುವುದಿಲ್ಲ. ಇವನ ಅಂಗಡಿಯಲ್ಲಿರುವವರು ಹನ್ನೊಂದು ಮಂದಿ. ಜೇಬಿನಲ್ಲಿದ್ದ ಕಾಗದವನ್ನು ಕೊಟ್ಟಿದ್ದರೆ ಆ ಒಂದು ತಿಂಗಳ ಸಂಬಳದ ಹಕ್ಕನ್ನು ತನ್ನ ಕೈಯಾರೆ ಬಿಟ್ಟುಕೊಟ್ಟಂತಾಗುತ್ತಿತ್ತು.

“ನಿನ್ನನ್ನು ತೆಗೆಯುತ್ತಾರೆಂದು ಹೇಳಿದವನು ಯಾರು?” ಎಂದು ಕೇಳಿದೆನು. ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಈಗ ರೇಷ್ಮೆ ವಿಭಾಗದಲ್ಲಿ ನಿಂತಿರೋನೇ” ಎಂದನು. ದಮನಕನ ಕಥೆಯನ್ನು ಹೇಳಬೇಕಾದ ಅಗತ್ಯ ಬೀಳಲಿಲ್ಲ.

ಕೌಟಿಲ್ಯನ ಮೂರನೆಯ ವಿಧಿಯನ್ನು ಅನುಸರಿಸಿ, ಧಣಿಗಳಿಗೆ ಬಾಲ್ಯಸ್ನೇಹಿತರಾದ ಬೆಲ್ಲದ ವರ್ತಕರೊಬ್ಬರನ್ನು ಆ ವಾರದಲ್ಲಿಯೇ ಕಂಡೆವು. ಅವರು ವಿಚಾರಿಸಿಕೊಂಡು ಬಂದು ತಿಳಿಸಿದುದು ಎರಡು ವಿಷಯ. ದಸರೆಯ ಹೊತ್ತಿನಲ್ಲಿ ಇವನು ಹಾಕಿದ ಒಂದು ಬಿಲ್ಲಿನಲ್ಲಿ ಎರಡು ಸೀರೆಯ ಬೆಲೆ ತಪ್ಪಾಗಿತ್ತು. ಧಣಿಗಳು ಅದನ್ನು ಇವನಿಗೆ ಹೇಳದೆ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಎರಡನೆಯದಾಗಿ, ಗಿರಾಕಿಗಳು ಮೈಸೂರಿನ ದೊಡ್ಡ ಮಳಿಗೆಗಳಿಗೂ ಫೋನಿನ ವ್ಯಾಪಾರಕ್ಕೂ ಹೋಗುತ್ತಿರುವುದರಿಂದ ಜಾತ್ರೆಯ ನಂತರ ಒಬ್ಬಿಬ್ಬರನ್ನು ಕಡಿಮೆ ಮಾಡುವ ಯೋಚನೆಯೂ ಇರುವುದು ನಿಜವೇ, ಯಾರನ್ನೆಂಬುದು ನಿಶ್ಚಯವಾಗಿಲ್ಲ. ಹೀಗೆ ನರಿಯ ಮಾತಿನಲ್ಲಿಯೂ ಅರ್ಧ ಸತ್ಯವಿತ್ತು. ಪಂಚತಂತ್ರವು ಇದನ್ನು ಹೇಳುವುದಿಲ್ಲ.

ಬಿಲ್ಲಿನ ತಪ್ಪನ್ನು ಇವನು ಧಣಿಗಳ ಬಳಿ ತಾನೇ ಹೋಗಿ ಒಪ್ಪಿಕೊಂಡನು. ಅವರು ಕುಳಿತುಕೋ ಎಂದರಂತೆ. ಕೌಟಿಲ್ಯನ ಪಟ್ಟಿಯಂತೆ ಇದು ಪ್ರಸನ್ನತೆಯ ಲಕ್ಷಣವೇ ಎಂದು ಅವನು ನನ್ನನ್ನು ಕೇಳಿದನು. ಒಂದೇ ಲಕ್ಷಣದಿಂದ ಹೇಳಲಾಗದೆಂದೆನು. ಮೈಸೂರಿನಲ್ಲಿ ಬೇರೆ ಕೆಲಸ ಹುಡುಕುತ್ತಿದ್ದಾನೆ, ಸಿಕ್ಕುವವರೆಗೆ ಟವೆಲಿನ ಮೂಲೆಯಲ್ಲಿಯೇ ನಿಲ್ಲುವನು. ಕಾಗದವನ್ನು ಹರಿದಿಲ್ಲ, ನನ್ನ ಅರ್ಥಶಾಸ್ತ್ರದ ಪುಸ್ತಕದ ಮೂರನೆಯ ಅಧಿಕರಣದ ನಡುವೆ ಇಟ್ಟು ಅದನ್ನು ಮನೆಗೆ ಒಯ್ದಿದ್ದಾನೆ. ಪಂಚರಥಗಳಿಗೆ ಹೊಸ ಹಗ್ಗ ಬಂದಿದೆಯಂತೆ. ತೇರಿಗೆ ಇನ್ನು ಹನ್ನೆರಡು ದಿನಗಳಿವೆ.